ಅಗೆಯದವರನ್ನು ಪುರಾತತ್ವಜ್ಞ ಎನ್ನಬಹುದೇ?

ಧಾರವಾಡದಲ್ಲಿ ಪುರಾತತ್ವ ಓದುತ್ತಿರುವ ಓದುಗರೊಬ್ಬರ ಪತ್ರ: “ಇಂಗ್ಲೆಂಡಿನ ಸಫಕ್ ಸೀಮೆಯ ಸಟನ್ ಹೂ ದಿಬ್ಬದಲ್ಲಿ 1939ರಲ್ಲಿ ಏಳನೇ ಶತಮಾನದ ಸಮಾಧಿ ಹಡಗಿನ ಗುರುತು ಹಿಡಿದವರು ಬೇಸಿಲ್ ಬ್ರೌನ್. ಸಮಾಧಿ ಕೋಣೆ ಬಿಡಿಸಿದ್ದು ಚಾರ್ಲ್ಸ್ ಫಿಲಿಪ್ಸ್ ತಂಡ. ಆದರೂ ಎಲ್ಲೆಡೆ ಬ್ರಿಟಿಷ್ ಮ್ಯೂಸಿಯಮ್ಮಿನ ರೂಪರ್ಟ್ ಬ್ರೂಸ್-ಮಿಟ್‌ಫರ್ಡ್ ಹೆಸರೇ ಮುಂದೆ. ಮ್ಯೂಸಿಯಮ್ಮಿನಲ್ಲಿ ಕೂತು ಪಟ್ಟಿ ಬರೆದವರನ್ನು ಪುರಾತತ್ವಜ್ಞ ಎನ್ನಬಹುದೇ?”

ಮೊದಲು ಒಂದು ತಿದ್ದುಪಡಿ. ಬ್ರೂಸ್-ಮಿಟ್‌ಫರ್ಡ್ ಅಗೆದವರೂ ಹೌದು. 1939ರ ಬೇಸಿಗೆಯಲ್ಲಿ ಆಕ್ಸ್‌ಫರ್ಡ್ ಬಳಿಯ ಪಾಳುಬಿದ್ದ ಸೀಕೋರ್ಟ್ ಗ್ರಾಮವನ್ನೂ, 1950ರ ದಶಕದ ಆರಂಭದಲ್ಲಿ ಕಾರ್ನ್‌ವಾಲಿನ ಮಾಗನ್ ಪೋರ್ತ್ ನೆಲೆಯನ್ನೂ ಅಗೆದರು. 1914ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿ, ಇನ್ನೂ ಇಪ್ಪತ್ತೈದು ತುಂಬುವ ಮೊದಲೇ ಬ್ರಿಟಿಷ್ ಮ್ಯೂಸಿಯಂ ಸೇರಿದರು. ಸಟನ್ ಹೂ ನಿಧಿಯನ್ನು ಜಮೀನಿನ ಒಡತಿ ಈಡಿತ್ ಪ್ರೆಟ್ಟಿ ಮ್ಯೂಸಿಯಮ್ಮಿಗೆ ದಾನ ಕೊಟ್ಟ ಬೆನ್ನಿಗೇ ಯುದ್ಧ ಶುರುವಾಯಿತು. ವಸ್ತುಗಳು ಲಂಡನ್ನಿನ ಆಲ್ಡ್‌ವಿಚ್ ಸುರಂಗ ರೈಲುಮಾರ್ಗಕ್ಕೆ ಹೋದವು, ಇವರು ಸೈನ್ಯದ ಸಿಗ್ನಲ್ಸ್ ವಿಭಾಗಕ್ಕೆ. ಮರಳಿ ಬಂದಾಗ ಅವರ ಪಾಲಿಗೆ ಸಿಕ್ಕಿದ್ದು ಪೆಟ್ಟಿಗೆಗಟ್ಟಲೆ ಚೂರು.

ಆ ಚೂರುಗಳಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಶಿರಸ್ತ್ರಾಣವನ್ನೇ ನೋಡಿ: ಐನೂರಕ್ಕೂ ಹೆಚ್ಚು ತುಣುಕು. ಕೋಣೆಯ ಚಾವಣಿ ಕುಸಿಯುವ ಹೊತ್ತಿಗೆ ಕಬ್ಬಿಣ ಪೂರ್ತಿ ತುಕ್ಕಾಗಿ ಪೆಡಸಾಗಿತ್ತು, ಹಾಗಾಗಿ ಜಜ್ಜಿಹೋಗದೆ ಒಡೆಯಿತು. ಅದು ಅದೃಷ್ಟವೇ ಸರಿ. ಲೋಹವಾಗಿದ್ದಾಗಲೇ ಕುಸಿದಿದ್ದರೆ ತಗಡು ಸೊಟ್ಟಗಾಗಿ ಮೂಲದ ಬಾಗು ಅಳಿಸಿಹೋಗುತ್ತಿತ್ತು. ಒಡೆದ ಚೂರಿನಲ್ಲಿ ಆ ಬಾಗು ಹಾಗೇ ಉಳಿಯುತ್ತದೆ, ಅಂಚಿಗೆ ಅಂಚು ಕೂಡುತ್ತದೆ. 1945–46ರಲ್ಲಿ ಮ್ಯೂಸಿಯಮ್ಮಿನ ಸಂರಕ್ಷಕ ಹರ್ಬರ್ಟ್ ಮೇರಿಯನ್ ಪ್ಲಾಸ್ಟರಿನ ತಲೆಯ ಮೇಲೆ ಇವನ್ನು ಜೋಡಿಸಿದರು. ನೋಡಲು ಭವ್ಯವಾಗಿತ್ತು, ಆದರೆ ಕೆನ್ನೆಪಟ್ಟಿ ಗಿಡ್ಡವಾಗಿ ದವಡೆ ಬಯಲಾಗಿತ್ತು, ಕತ್ತಿನ ಕಾವಲೂ ಸರಿಬರಲಿಲ್ಲ. ಸ್ವೀಡನ್ನಿನ ವಿದ್ವಾಂಸರು ಆಕ್ಷೇಪ ಎತ್ತಿದರು.

ಪ್ರದರ್ಶನದಲ್ಲಿ ಹೆಸರು ಮಾಡಿದ ವಸ್ತುವನ್ನು ಮತ್ತೆ ಚೂರು ಮಾಡಲು ಒಪ್ಪುವ ಮುಖ್ಯಸ್ಥರು ಕಡಿಮೆ. ಬ್ರೂಸ್-ಮಿಟ್‌ಫರ್ಡ್ ಅವಧಿಯಲ್ಲಿ ಅದಾಯಿತು. ಸಂರಕ್ಷಕ ನೈಜೆಲ್ ವಿಲಿಯಮ್ಸ್ ಪ್ಲಾಸ್ಟರು ಬಿಡಿಸಿ, ಮೇಲ್ಮೈ ಅಲಂಕಾರವೊಂದನ್ನೇ ನೆಚ್ಚದೆ ಚೂರಿನ ದಪ್ಪ, ಬಣ್ಣ, ಹಿಂಬದಿಯ ಒರಟುತನ ನೋಡಿ ಮರುಜೋಡಿಸಿದರು. ಈಗ ನಾವು ಕಾಣುವ ಮುಖ 1971ರದು. ಅದೇ ಸಮಾಧಿಯಲ್ಲಿ ಸಿಕ್ಕ ತಂತಿವಾದ್ಯಕ್ಕೂ ಹೀಗೇ ಆಯಿತು: ಮೇಪಲ್ ಮರದ ತುಂಡುಗಳನ್ನು ಮೊದಲು ಪುಟ್ಟ ಹಾರ್ಪ್ ಎಂದು ಕಟ್ಟಿದ್ದರು. ಇಂಗ್ಲೆಂಡಿನದೇ ಇನ್ನೊಂದು ಸಮಾಧಿಯಾದ ಟ್ಯಾಪ್ಲೋ ದಿಬ್ಬದಲ್ಲಿ ಸಿಕ್ಕ ತುಂಡುಗಳ ಜೊತೆ ಹೋಲಿಸಿದ ಮೇಲೆ ಅದು ಆರು ತಂತಿಯ ಲೈರ್ ಆಯಿತು.

ಕಾಲನಿರ್ಣಯ ಇನ್ನೂ ಸೂಕ್ಷ್ಮ. ಥೈಲಿಯಲ್ಲಿದ್ದ 37 ಫ್ರಾಂಕಿಷ್ ಚಿನ್ನದ ನಾಣ್ಯಗಳನ್ನು ಮೊದಲು ಸುಮಾರು 650ಕ್ಕೆ ಹೊಂದಿಸಿದ್ದರು. ಈ ಸಮಾಧಿ ಯಾರದೆಂಬ ಚರ್ಚೆಯಲ್ಲಿ ಮುಂದಿರುವ ಹೆಸರು ಪೂರ್ವ ಆಂಗ್ಲಿಯಾದ ರಾಜ ರೆಡ್‌ವಾಲ್ಡನದು; ಕಾಲ 650 ಆಗಿದ್ದರೆ 625ರ ಆಸುಪಾಸಿನಲ್ಲಿ ಸತ್ತ ಆತ ಇಲ್ಲಿ ಮಲಗಿರಲಾರ. ಆದರೆ ಆ ಶತಮಾನದಲ್ಲಿ ನಾಣ್ಯಗಳ ಚಿನ್ನದ ಅಂಶ ಇಳಿಯುತ್ತಾ ಹೋಗಿತ್ತು, ಅಂದರೆ ಚಿನ್ನ ಹೆಚ್ಚಿದ್ದಷ್ಟೂ ನಾಣ್ಯ ಹಳೆಯದು. ಅದನ್ನು ಅಳೆಯುವುದು ಹೀಗೆ: ನಾಣ್ಯವನ್ನು ಗಾಳಿಯಲ್ಲಿ ತೂಗಿ, ದ್ರವದಲ್ಲಿ ಮುಳುಗಿಸಿ ತೂಗಿ, ಸಾಪೇಕ್ಷ ಸಾಂದ್ರತೆ ಲೆಕ್ಕ ಹಾಕುವುದು. ಚಿನ್ನ 19.3, ಬೆಳ್ಳಿ 10.5. ಸುಮಾರು 1.3 ಗ್ರಾಂ ತೂಕದ ನಾಣ್ಯವಾದ್ದರಿಂದ ಅಂಟಿಕೊಂಡ ಒಂದು ಗಾಳಿಗುಳ್ಳೆಯೂ ಅಂಕಿಯನ್ನು ಕೆಡಿಸುತ್ತದೆ. ಬೆರಕೆಯಲ್ಲಿ ತಾಮ್ರ ಹೆಚ್ಚಿದ್ದರೂ ಲೆಕ್ಕ ತಪ್ಪುತ್ತದೆ. ಕಾಲ ಸುಮಾರು 625 ಎಂಬ ಕಡೆ ವಾಲಿದ್ದು ಈ ಪರೀಕ್ಷೆಯಿಂದ. ಆದರೂ ಅದು ರೆಡ್‌ವಾಲ್ಡನದೇ ಸಮಾಧಿ ಎಂದು ಸಾಬೀತಾದಂತಲ್ಲ, ಬರೆಯುವಾಗ ‘ಬಹುಶಃ’ ಸೇರಿಸಿ.

1965ರಿಂದ ಅದೇ ದಿಬ್ಬದ ಮರು ಉತ್ಖನನವನ್ನೂ ಅವರು ಹಮ್ಮಿಕೊಂಡರು. ಮರ ಕೊಳೆತು ಮರಳಿನಲ್ಲಿ ಉಳಿದಿದ್ದ 27 ಮೀಟರ್ ಹಡಗಿನ ಅಚ್ಚೊತ್ತು, ಯುದ್ಧಕಾಲದಲ್ಲಿ ಸೇನಾ ವಾಹನ ಹರಿದು ಅಲ್ಲಲ್ಲಿ ಹಾಳಾಗಿತ್ತು. ಉಳಿದದ್ದಕ್ಕೆ ಪ್ಲಾಸ್ಟರ್ ಅಚ್ಚು ತೆಗೆದು ಫೈಬರ್‌ಗ್ಲಾಸ್ ಪ್ರತಿ ಮಾಡಿದರು. ಹಳೆಯ ಮಣ್ಣುರಾಶಿಯನ್ನೂ ಮತ್ತೆ ಶೋಧಿಸಿದರು. ಶವವಿತ್ತೇ ಎಂಬ ಹಳೆಯ ಜಗಳಕ್ಕೆ ಫಾಸ್ಫೇಟ್ ಪರೀಕ್ಷೆ ನೆರವಾಯಿತು: ಆಮ್ಲೀಯ ಮರಳು ಮೂಳೆಯನ್ನು ಕರಗಿಸಿಬಿಡುತ್ತದೆ, ಫಾಸ್ಫೇಟ್ ಮಾತ್ರ ಮಣ್ಣಿಗೂ ತುಕ್ಕಿಗೂ ಅಂಟಿ ನಿಲ್ಲುತ್ತದೆ. ಆದರೆ ದಂತ ಅಥವಾ ಮೂಳೆಯಿಂದ ಮಾಡಿದ ವಸ್ತುಗಳೂ ಫಾಸ್ಫೇಟ್ ಬಿಡುತ್ತವೆ. ಆದ್ದರಿಂದ ಮಟ್ಟ ಏರಿದೆಯೇ ಎಂದಷ್ಟೇ ನೋಡದೆ, ಎಲ್ಲಿ ಏರಿದೆ ಎಂದು ನೋಡಬೇಕು.

ಸಟನ್ ಹೂ ವರದಿಯನ್ನು ಅವರು ತೀರಾ ತಡಮಾಡಿದರು ಎಂಬ ಆರೋಪವೂ ಇದೆ, ಅದು ನಿಜ. ವರದಿಯ ಮೊದಲ ಸಂಪುಟ ಬಂದದ್ದು 1975ರಲ್ಲಿ, ಉತ್ಖನನದ 36 ವರ್ಷಗಳ ಮೇಲೆ. ಎರಡನೆಯದು 1978, ಮೂರನೆಯದು 1983. ನಡುವೆ ಇಲಾಖೆಯ ಮುಖ್ಯಸ್ಥಿಕೆ, ಲಿಂಡಿಸ್‌ಫಾರ್ನ್ ಸುವಾರ್ತೆಗಳೆಂಬ ಹಳೆಯ ಹಸ್ತಪ್ರತಿಯ ಪ್ರತಿಮುದ್ರಣ ಎಂದು ಬೇರೆ ಕೆಲಸಗಳನ್ನೂ ಹೊತ್ತರು. ಮಾಗನ್ ಪೋರ್ತ್ ವರದಿಯಂತೂ 1994ರಲ್ಲಿ ಅವರು ತೀರಿಕೊಂಡ ಮೇಲೆ ಹೊರಬಂತು. ಇದನ್ನು ನಾವು ಸಮರ್ಥಿಸುವುದಿಲ್ಲ. ವರದಿ ಬಾರದ ಉತ್ಖನನ ಅರ್ಧ ಕೆಲಸವೇ. ಆದರೆ 1940ರ ದಶಕದಲ್ಲೇ ಆತುರಪಟ್ಟು ಮುಗಿಸಿದ್ದರೆ ತಪ್ಪು ಶಿರಸ್ತ್ರಾಣ, ತಪ್ಪು ವಾದ್ಯ, ತಪ್ಪು ಕಾಲ ಮೂರೂ ಅಚ್ಚಾಗುತ್ತಿದ್ದವು.

ಗ್ರಂಥಾಲಯದಲ್ಲಿ ಸಂಪುಟಗಳು ಸಿಕ್ಕರೆ ಶಿರಸ್ತ್ರಾಣಕ್ಕೆ ಎರಡನೆಯದನ್ನು, ಲೈರ್‌ಗೆ ಮೂರನೆಯದನ್ನು ತೆಗೆಯಿರಿ. ಮೊದಲನೆಯದರಲ್ಲಿ ಹಡಗು ಮತ್ತು ನಾಣ್ಯಗಳ ಚರ್ಚೆಯಿದೆ. ಪ್ರಬಂಧ ಬರೆಯುವುದಾದರೆ ಅಲ್ಲಿಂದಲೇ ಶುರು ಮಾಡಿ.

— ಸಂ.