ಪ್ರತಿಕ್ರಿಯೆ: ಅಪ್ಪನ ವಾರ್ಫರಿನ್ ಬದಲು ‘ಔಷಧಿ ಮೇಕೆ’ ಹಾಲು ಕುಡಿಸಬಹುದಾ?

ರಕ್ತ ಹೆಪ್ಪುಗಟ್ಟದಂತೆ ಅಪ್ಪ ತಗೊಳ್ಳೋ ವಾರ್ಫರಿನ್ ಮಾತ್ರೆ ಬಿಟ್ಟು, ಸಂತೆಯಲ್ಲಿ ‘ಔಷಧಿ ಮೇಕೆ’ ಅಂತ ಮಾರುವ ಮೇಕೆ ಕೊಂಡು ಅದರ ಹಾಲು ಕುಡಿಸಬಹುದಾ ಅಂತ ಕೇಳಿದ್ದೀರಿ. ಹಾಸನದ ಸಂತೆಯಲ್ಲಿ ನಿಮಗೆ ಸಿಕ್ಕವರು ಅಮೆರಿಕದ ಸುದ್ದಿ ಹೇಳಿ ಊರ ಮೇಕೆಯನ್ನೇ ಮೂರು ಪಟ್ಟು ಬೆಲೆಗೆ ಮಾರುತ್ತಿರಬೇಕು. ಅರಸೀಕೆರೆಯಲ್ಲಿ ನಮ್ಮ ಚಿಕ್ಕಪ್ಪನಿಗೂ ಹೀಗೇ ಆಯ್ತು. ಸುದ್ದಿ ಮಾತ್ರ ನಿಜ. ಆಂಟಿಥ್ರಾಂಬಿನ್ ಅಂದರೆ ರಕ್ತ ಹೆಪ್ಪುಗಟ್ಟೋದನ್ನು ತಡೆಯುವ ಪ್ರೋಟೀನ್. ಮನುಷ್ಯರ ಆಂಟಿಥ್ರಾಂಬಿನ್ ಜೀನನ್ನು ಮೇಕೆಗೆ ಸೇರಿಸಿ, ಆ ಪ್ರೋಟೀನ್ ಹಾಲಿನಲ್ಲಿ ಬರುವ ಹಾಗೆ ಮಾಡಿ, ಅದನ್ನು ಬೇರ್ಪಡಿಸಿ ತಯಾರಿಸಿದ ಎಟ್ರಿನ್ ಅನ್ನೋ ಔಷಧಿಗೆ ಅಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಕುಡಿಯೋದಲ್ಲ. ಶುದ್ಧ ಮಾಡಿ ರಕ್ತನಾಳಕ್ಕೆ ಕೊಡೋಕೆ ಒಪ್ಪಿಗೆ ಸಿಕ್ಕಿದ್ದು, ಅದೂ ಹುಟ್ಟಿನಿಂದಲೇ ಆಂಟಿಥ್ರಾಂಬಿನ್ ಕೊರತೆ ಇರುವವರಿಗೆ, ಆಪರೇಷನ್ ಅಥವಾ ಹೆರಿಗೆ ಹೊತ್ತಲ್ಲಿ. ಹಾಲಲ್ಲೇ ಕುಡಿದರೆ ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನ ಹಾಗೇ ಅರಗಿಸಿಬಿಡುತ್ತೆ.

ಮೊದಲು, ಮಾತ್ರೆ ನಿಲ್ಲಿಸಬೇಡಿ. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ, ಬಿಟ್ಟಿದ್ದನ್ನೆಲ್ಲ ಒಟ್ಟಿಗೆ ನುಂಗಿಸಬೇಡಿ. ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ, ದಯವಿಟ್ಟು ಇದನ್ನು ಸುಮ್ನೆ ಬಿಡಬೇಡಿ.

ಆಮೇಲೆ, ಮುಂಗಡ ಕೊಡಬೇಡಿ. ಜೀನ್ ಬದಲಿಸಿದ ಪ್ರಾಣಿಗೆ ಕೇಂದ್ರದ ಜಿಇಎಸಿ (ಜೀನ್ ಬದಲಿಸಿದ ಜೀವಿಗಳನ್ನು ಪರಿಶೀಲಿಸುವ ಸಮಿತಿ) ಅನುಮತಿ ಬೇಕು, ಆ ಪತ್ರ ಕೇಳಿ. ಚಿಕ್ಕಪ್ಪ ಕೇಳಿದಾಗ ಲ್ಯಾಮಿನೇಟ್ ಮಾಡಿದ ಒಂದು ಕಲರ್ ಫೋಟೋ ತೋರಿಸಿದ್ದರು. ಮೇಕೆಯ ಕಿವಿಯ ಹಳದಿ ಬಿಲ್ಲೆ ಮೇಲೆ ನಂಬರನ್ನು ಬಾಲ್ ಪೆನ್ನಲ್ಲಿ ಬರೆದಿತ್ತು! ಮೇಕೆಯನ್ನು ಕಣ್ಣಲ್ಲಿ ನೋಡಿ ಜೀನ್ ಇದೆಯಾ ಇಲ್ವಾ ಹೇಳೋಕಾಗಲ್ಲ, ಲ್ಯಾಬ್ ಟೆಸ್ಟೇ ಆಗಬೇಕು. ಬಹುಶಃ ಮಾರುವವರೂ ಯಾರದೋ ಮಾತು ನಂಬಿ ಮೋಸ ಹೋಗಿರಬಹುದು.

ಮನೆ ಹಾಲಿಗೆ ಮೇಕೆ ಬೇಕೇ ಬೇಕು ಅಂದರೆ ಪಶು ಆಸ್ಪತ್ರೆಯಲ್ಲಿ ಹಲ್ಲು, ಕೆಚ್ಚಲು ತೋರಿಸಿ, ಸಂತೆ ಬೆಲೆಗೇ ಕೊಳ್ಳಿ.