ಒಂದೇ ಹೊಲದಲ್ಲಿ ಹೆಗ್ಗಣ, ಚಿಟ್ಟಿಲಿ ಎರಡೂ ಇರುತ್ತವಲ್ಲ, ದೊಡ್ಡದು ಸಣ್ಣದನ್ನು ಓಡಿಸುವುದಿಲ್ಲವೇ?

ಓಡಿಸುತ್ತದೆ, ಆದರೆ ಪೂರ್ತಿ ಅಲ್ಲ. ಸಣ್ಣದರ ಸಂಖ್ಯೆಯನ್ನು ಅದುಮಿ ಇಡುತ್ತದೆ, ಅಷ್ಟೇ.

ಇದನ್ನು ಚೆನ್ನಾಗಿ ತೋರಿಸಿದ್ದು ಅಮೆರಿಕದ ಅರಿಝೋನಾ ಮರುಭೂಮಿಯ ಒಂದು ಪ್ರಯೋಗ. 1977ರಲ್ಲಿ ಪರಿಸರ ವಿಜ್ಞಾನಿ ಜೇಮ್ಸ್ ಬ್ರೌನ್ ಮತ್ತು ಸಂಗಡಿಗರು ಪೋರ್ಟಲ್ ಎಂಬ ಊರಿನ ಹತ್ತಿರ ಜಾಗವನ್ನು ತುಂಡು ತುಂಡಾಗಿ ಬೇಲಿ ಹಾಕಿದರು. ಕೆಲವು ಬೇಲಿಗಳಲ್ಲಿ ಬಿಟ್ಟ ಕಿಂಡಿ ಎಷ್ಟು ಕಿರಿದೆಂದರೆ ಸಣ್ಣ ಇಲಿ ನುಸುಳಬಹುದು, ಕಾಂಗರೂವಿನಂತೆ ಕುಪ್ಪಳಿಸುವ, ಕಾಳು ತಿನ್ನುವ ದಪ್ಪ ಕಾಂಗರೂ ಇಲಿ ನುಸುಳಲಾರದು. (ಉಪಾಯ ಸರಳ, ನನಗೆ ಮೆಚ್ಚುಗೆಯಾದದ್ದೇ ಅದು.) ಕಾಂಗರೂ ಇಲಿ ಇಲ್ಲದ ಕಡೆ ಕಾಳು ತಿನ್ನುವ ಸಣ್ಣ ಇಲಿಗಳು ಮೂರು ಪಟ್ಟಿಗೂ ಹೆಚ್ಚಾದವು. ಹುಳುಹುಪ್ಪಟೆಯನ್ನೂ ತಿನ್ನುವ ಇಲಿಗಳು ಮಾತ್ರ ಅಷ್ಟೇನೂ ಹೆಚ್ಚಲಿಲ್ಲ. ಅಂದರೆ ಜಗಳ ಇದ್ದದ್ದು ಜಾಗಕ್ಕಲ್ಲ, ಕಾಳಿಗೆ.

ನಮ್ಮ ನವಲಗುಂದ, ನರಗುಂದದ ಕಡೆಯೂ ಹೀಗೇ ಪಾಲು ಹಂಚಿಕೆ ಇದೆ. ಹೆಗ್ಗಣಕ್ಕೆ ಕಾಲುವೆ ನೀರಿನ ತೇವದ ಹೊಲ, ಗಟ್ಟಿ ಬದು ಬೇಕು. ಆಳಕ್ಕೆ ಬಿಲ ತೋಡಿ ತೆನೆ ಕೂಡಿಡುತ್ತದೆ. ಮೆತ್ತನೆ ತುಪ್ಪಳದ ಹೊಲದಿಲಿಗೆ ಎರಿ ಹೊಲದ ಬಿರುಕೇ ಮನೆ. ಚಿಟ್ಟಿಲಿಗೆ ಬದುವಿನಲ್ಲಿ ಒಂದು ಪುಟ್ಟ ತೂತು ಸಾಕು. ಆದರೆ ಇದೆಲ್ಲ ಪೈಪೋಟಿಯಿಂದಲೇ ಆದದ್ದು ಎನ್ನಲಾಗದು. ಮಣ್ಣು, ನೀರು, ಗೂಗಿ, ಹಾವು ಕೂಡ ಲೆಕ್ಕಕ್ಕೆ ಬರುತ್ತವೆ. ಒಂದು ಬಗೆಯ ಇಲಿಯನ್ನು ತೆಗೆದು ನೋಡಿದಾಗಲೇ ಗೊತ್ತಾಗುವುದು. ಪೋರ್ಟಲ್‌ನಲ್ಲಿ ಮಾಡಿದ್ದು ಅದನ್ನೇ.