ಸೆಲ್ಫ್ ಹೊಡೆಯದ ಲಾರಿಯೂ ಪರ್ತ್‌ನ ಕೆಲಸವೂ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಐಟಿಐನಲ್ಲಿ ಆಟೋ ಎಲೆಕ್ಟ್ರಿಕಲ್ ಮುಗಿಸಿ ಹುಬ್ಬಳ್ಳಿಯ ಲಾರಿ ವೈರಿಂಗ್ ಅಂಗಡಿಯೊಂದರಲ್ಲಿ ಆರು ವರ್ಷ ದುಡಿದಿದ್ದೀರಿ. ಆಸ್ಟ್ರೇಲಿಯಾಕ್ಕೆ ಬಂದರೆ ಆ ಕೈಕೆಲಸಕ್ಕೆ ಬೆಲೆ ಇದೆಯಾ, ಇಲ್ಲ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್‌ನ ಕೋರ್ಸ್ ಮಾಡಿಕೊಂಡೇ ಬರಬೇಕಾ? ಗಣಿಯಲ್ಲಿ ದುಡ್ಡು ಜಾಸ್ತಿ ಅಂತಾರಲ್ಲ, ಅದು ನಿಜವಾ? ವೀಸಾಕ್ಕೆ ಕಂಪನಿ ಕೊಡುವ ಸ್ಪಾನ್ಸರ್‌ಶಿಪ್‌ಗೆ ಅಂತ ಏಜೆಂಟ್ ಲಕ್ಷಗಟ್ಟಲೆ ಕೇಳ್ತಿದ್ದಾನೆ, ಕೊಡಬಹುದಾ?

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡ್ತೀನಿ. ಕೊಡಬೇಡಿ. ಸ್ಪಾನ್ಸರ್‌ಶಿಪ್ ಅನ್ನು ದುಡ್ಡಿಗೆ ಮಾರುವುದೂ ಕೊಳ್ಳುವುದೂ ಇಲ್ಲಿ ಕಾನೂನಿಗೆ ವಿರುದ್ಧ. ಕಂಪನಿ ಸರ್ಕಾರಕ್ಕೆ ಕಟ್ಟುವ ನಾಮಿನೇಷನ್ ಫೀ, ತರಬೇತಿ ಲೆವಿ ಇವನ್ನು ಕೆಲಸಗಾರನ ಸಂಬಳದಿಂದ ಹಿಡಿಯುವ ಹಾಗೂ ಇಲ್ಲ. ಅಷ್ಟು ದುಡ್ಡು ಕೈಯಲ್ಲಿದ್ದರೆ ಇಂಗ್ಲಿಷ್ ಪರೀಕ್ಷೆಗೆ, ಕಸುಬು ಬರುತ್ತಾ ಅಂತ ನೋಡುವ ಸ್ಕಿಲ್ಸ್ ಅಸೆಸ್‌ಮೆಂಟ್‌ಗೆ, ಒಂದು ಒಳ್ಳೆಯ ಮಲ್ಟಿಮೀಟರ್‌ಗೆ ಖರ್ಚು ಮಾಡಿ.

ಇನ್ನು ಕೆಲಸದ ಮಾತು. ನಾನು ಪರ್ತ್‌ನ ಕ್ಯೂಡೇಲ್ ಕಡೆ ಲಾರಿ, ಟ್ರೇಲರ್, ಲೋಡರ್‌ಗಳ ವೈರಿಂಗ್ ನೋಡ್ತೀನಿ. ನಿಮ್ಮ ಕೈಗೆ ಇಲ್ಲಿ ಬೆಲೆ ಇದೆ. ಹನ್ನೆರಡು ವೋಲ್ಟ್, ಇಪ್ಪತ್ತನಾಲ್ಕು ವೋಲ್ಟ್ ಹುಬ್ಬಳ್ಳಿಯಲ್ಲಿ ಹೇಗೆ ಹರಿಯುತ್ತೋ ಇಲ್ಲೂ ಹಾಗೇ ಹರಿಯುತ್ತೆ. ಬದಲಾಗಬೇಕಾದ್ದು ಅಭ್ಯಾಸ. ಊರಲ್ಲಿ ಟೇಲ್ ಲೈಟ್ ಬರದಿದ್ದರೆ ಕ್ಯಾಬಿನ್‌ನಿಂದ ಹೊಸ ವೈರ್ ಎಳೆದು ಡೈರೆಕ್ಟ್ ಕೊಟ್ಟುಬಿಡ್ತೀವಿ. ಲೋಡ್ ಆಗಿದೆ, ರಾತ್ರಿ ಪುಣೆ ಕಡೆ ಹೊರಡಬೇಕು, ಮಾಲೀಕ ಪಕ್ಕದಲ್ಲೇ ನಿಂತಿದ್ದಾನೆ. ಅಲ್ಲಿ ಅದೇ ಸರಿಯಾದ ಉತ್ತರ, ಅದನ್ನು ನಾನು ಹೀಯಾಳಿಸಲ್ಲ. ಇಲ್ಲಿ ಲೇಬರ್ ಗಂಟೆ ಲೆಕ್ಕ, ಅದೂ ದುಬಾರಿ. ಗಿರಾಕಿ ದುಡ್ಡು ಕೊಡೋದು ಫಾಲ್ಟ್ ಎಲ್ಲಿದೆ ಅಂತ ತೋರಿಸಿದ್ದಕ್ಕೆ. ಅಂದಾಜಿನ ಮೇಲೆ ಬ್ಯಾಟರಿ ಹಾಕಿ, ಸರಿಹೋಗಲಿಲ್ಲ ಅಂತ ಸ್ಟಾರ್ಟರ್ ಹಾಕಿ, ಆಮೇಲೆ ಬರೀ ಒಂದು ಕೇಬಲ್ ಅಂತ ಗೊತ್ತಾದರೆ ಆ ಬಿಲ್ ವರ್ಕ್‌ಶಾಪ್ ತಲೆ ಮೇಲೆ.

ಒಂದು ಉದಾಹರಣೆ ಕೊಡ್ತೀನಿ, ಇಂಟರ್‌ವ್ಯೂನಲ್ಲೂ ಇದನ್ನೇ ಕೇಳ್ತಾರೆ. ಇಪ್ಪತ್ತನಾಲ್ಕು ವೋಲ್ಟ್‌ನ ಲಾರಿ, ಸೆಲ್ಫ್, ಅಂದರೆ ಎಂಜಿನ್ ತಿರುಗಿಸೋ ಸ್ಟಾರ್ಟರ್, ಎಳೀತಿಲ್ಲ, ಸುಸ್ತಾದ ಹಾಗೆ ತಿರುಗುತ್ತೆ. ಬ್ಯಾಟರಿ ನಿಂತಲ್ಲಿ 25.4 ವೋಲ್ಟ್ ತೋರಿಸುತ್ತೆ, ಅಂದರೆ ಚಾರ್ಜ್ ತುಂಬಿದೆ. ಈಗ ಸಹಾಯಕನಿಗೆ ಕೀ ತಿರುಗಿಸೋಕೆ ಹೇಳಿ, ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು. ಬ್ಯಾಟರಿ ಪೋಸ್ಟ್‌ಗಳ ಮೇಲೆ 21 ಉಳಿದಿದೆ, ಬ್ಯಾಟರಿ ಚೆನ್ನಾಗಿದೆ. ಸ್ಟಾರ್ಟರ್‌ನ ದೊಡ್ಡ ಬೋಲ್ಟ್‌ಗೂ ಅದರ ಬಾಡಿಗೂ ನಡುವೆ ನೋಡಿದರೆ 17.6 ಮಾತ್ರ. 3.4 ವೋಲ್ಟ್ ದಾರಿಯಲ್ಲೇ ಕರಗಿದೆ. ಎಲ್ಲಿ? ಮೀಟರ್‌ನ ಒಂದು ವೈರಿನ ತುದಿ ಬ್ಯಾಟರಿಯ ಪಾಸಿಟಿವ್ ಪೋಸ್ಟ್ ಮೇಲೆ, ಇನ್ನೊಂದು ಸ್ಟಾರ್ಟರ್ ಬೋಲ್ಟ್ ಮೇಲೆ: 0.4. ಪಾಸ್. ನೆಗೆಟಿವ್ ಪೋಸ್ಟ್‌ನಿಂದ ಸ್ಟಾರ್ಟರ್‌ನ ಬಾಡಿವರೆಗೆ: 3.0. ಸಿಕ್ಕಿತು. ನೆಗೆಟಿವ್ ಪೋಸ್ಟ್‌ನಿಂದ ಚಾಸಿಗೆ, ಚಾಸಿಯಿಂದ ಎಂಜಿನ್‌ಗೆ, ಹೀಗೆ ಒಂದೊಂದೇ ಹೆಜ್ಜೆ ಇಟ್ಟರೆ ಚಾಸಿ–ಎಂಜಿನ್ ನಡುವಿನ ಅರ್ಥಿಂಗ್ ಪಟ್ಟಿಯ ತುದಿಯ ಲೋಹದ ಲಗ್ ಒಳಗೆ ಹಸಿರು ಕಿಲುಬು ಹಿಡಿದಿರೋದು ಕಾಣುತ್ತೆ. ನಾನೂರು ಆಂಪಿಯರ್ ಹರಿಯೋ ಜಾಗದಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗ ಸಾಕು, ನಾಲ್ಕು ವೋಲ್ಟ್ ನುಂಗೋಕೆ. ಅಷ್ಟು ಸಣ್ಣ ಓಮ್ ಅನ್ನು ನಮ್ಮ ಕೈಯ ಮೀಟರ್ ಓಮ್ ರೇಂಜ್‌ನಲ್ಲಿ ನಂಬಿಕೆಗೆ ತಕ್ಕ ಹಾಗೆ ತೋರಿಸಲ್ಲ. ಅದಕ್ಕೇ ಕರೆಂಟ್ ಹರಿಯುವಾಗ ವೋಲ್ಟೇಜ್ ಡ್ರಾಪ್ ನೋಡಬೇಕು ಅನ್ನೋದು.

ಇದಕ್ಕೆ ಸ್ಕ್ಯಾನರ್ ಬೇಕಾಗಲಿಲ್ಲ, ನೋಡಿದಿರಲ್ಲ. ಸ್ಕ್ಯಾನರ್ ಕೋಡ್ ಹೇಳುತ್ತೆ, ವೈರ್ ಎಲ್ಲಿ ಸವೆದಿದೆ ಅಂತ ಹೇಳಲ್ಲ.

ನಿಮ್ಮ ಹಳೇ ಟೆಸ್ಟ್ ಲ್ಯಾಂಪ್ ಬಿಸಾಡಬೇಡಿ. ಹತ್ತು ಎಳೆಯ ವೈರ್‌ನಲ್ಲಿ ಒಂಬತ್ತು ಕಿತ್ತುಹೋಗಿ ಒಂದು ಎಳೆ ಉಳಿದಿದ್ದರೂ ಡಿಜಿಟಲ್ ಮೀಟರ್ 12.5 ವೋಲ್ಟ್ ಅಂತ ಸಲೀಸಾಗಿ ತೋರಿಸುತ್ತೆ, ಯಾಕಂದರೆ ಅದು ಕರೆಂಟ್ ಎಳೆಯೋದೇ ಇಲ್ಲ. 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್‌ಗೆ ಎರಡು ಕ್ಲಿಪ್ ಹಾಕಿ ಅದೇ ಜಾಗಕ್ಕೆ ಕೊಟ್ಟರೆ ಹೆಚ್ಚುಕಡಿಮೆ ಎರಡು ಆಂಪಿಯರ್ ಎಳೆಯುತ್ತೆ, ಆಗ ಆ ವೈರ್‌ನ ಬಂಡವಾಳ ಬಯಲಾಗುತ್ತೆ. ಆದರೆ ಇಸಿಎಂ, ಅಂದರೆ ಎಂಜಿನ್‌ನ ಕಂಪ್ಯೂಟರ್, ಅದರ ಸೆನ್ಸರ್ ಲೈನ್‌ಗಳಿಗೆ, ಏರ್‌ಬ್ಯಾಗ್ ವೈರ್‌ಗೆ ಬಲ್ಬ್ ಮುಟ್ಟಿಸಬಾರದು. ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್ ಹತ್ತಿರ ಆಟ ಬೇಡವೇ ಬೇಡ.

ಕಲಿತು ಬರಬೇಕಾದ್ದು ಒಂದಿದ್ದರೆ ಕ್ಯಾನ್ ಲೈನ್, ಅಂದರೆ ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋ ದಾರಿ. ಈಗಿನ ಲಾರಿಗಳು ಭಾರತದಲ್ಲೂ ಇದರ ಮೇಲೇ ಓಡ್ತಿವೆ, ನಿಮ್ಮ ಅಂಗಡಿಗೂ ಬಂದಿರುತ್ತೆ. ಹೆಣೆದ ಎರಡು ವೈರ್, ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್. ಬ್ಯಾಟರಿ ಕಟ್ ಮಾಡಿ, ಸ್ಕ್ಯಾನರ್ ಸಿಕ್ಕಿಸುವ ಒಂಬತ್ತು ಪಿನ್‌ನ ಡಯಾಗ್ನಾಸ್ಟಿಕ್ ಸಾಕೆಟ್‌ನಲ್ಲಿ ಸಿ ಮತ್ತು ಡಿ ಪಿನ್ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂತು ಅಂದರೆ ಎಲ್ಲೋ ಒಂದು ಕಡೆ ಲೈನ್ ಕಟ್ ಆಗಿದೆ ಇಲ್ಲವೇ ರೆಸಿಸ್ಟರ್ ಹೋಗಿದೆ. ಸೊನ್ನೆ ಹತ್ತಿರ ಬಂತು ಅಂದರೆ ಎರಡೂ ಒಂದಕ್ಕೊಂದು ತಾಗಿವೆ. ಡ್ಯಾಶ್‌ಬೋರ್ಡ್ ತುಂಬಾ ಎಲ್ಲ ದೀಪ ಒಟ್ಟಿಗೆ ಹತ್ತಿದಾಗ ಜನ ಇಸಿಎಂ ಬದಲಾಯಿಸೋಕೆ ಹೊರಡ್ತಾರೆ. ಈ ಒಂದು ಅಳತೆ ಆ ದೊಡ್ಡ ಖರ್ಚನ್ನು ಎಷ್ಟೋ ಸಲ ಉಳಿಸುತ್ತೆ.

ರಿಪೇರಿ ಕಡೆ ಇಲ್ಲಿಯವರು ಬಹಳ ಕಟ್ಟುನಿಟ್ಟು. ವೈರ್ ತಿರುಚಿ ಕಪ್ಪು ಟೇಪ್ ಸುತ್ತಿದರೆ ಫೋರ್‌ಮನ್ ಕತ್ತರಿಸಿ ಮತ್ತೆ ಮಾಡಿಸ್ತಾನೆ. ನೀರು ಧೂಳು ಒಳಗೆ ಬಿಡದ ಡಾಯ್ಚ್ ಕನೆಕ್ಟರ್‌ಗೆ ಅದರದೇ ಕ್ರಿಂಪ್ ಟೂಲ್, ಜಾಯಿಂಟ್ ಮೇಲೆ ಬಿಸಿ ಮಾಡಿದರೆ ಬಿಗಿಯಾಗುವ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್, ಹೊರಗೆ ಕೊಳವೆ. ಕಾರಣ ಇದೆ. ಉತ್ತರದ ಗಣಿ ಸೀಮೆ ಪಿಲ್ಬರಾದ ಕೆಂಪು ಧೂಳು ಹಿಟ್ಟಿನ ಹಾಗೆ, ಸೂಜಿಮೊನೆಯಷ್ಟು ಸಂದಿಯಲ್ಲೂ ನುಗ್ಗುತ್ತೆ. ಮೇಲೆ ಪ್ರೆಷರ್ ವಾಶ್‌ನ ನೀರು. ಗೋಧಿ ಬೆಳೆಯೋ ಒಳನಾಡಿನಲ್ಲಿ ಬೇರೆ ಕಾಟ. ಅಕ್ಟೋಬರ್‌ನಿಂದ ಕೊಯ್ಲು, ಶೆಡ್‌ನಲ್ಲಿ ತಿಂಗಳುಗಟ್ಟಲೆ ನಿಂತ ಹಾರ್ವೆಸ್ಟರ್‌ನ ವೈರಿಂಗ್ ಅನ್ನು ಇಲಿ ಕಡಿದಿರುತ್ತೆ. ಹೊಲದ ನಡುವೆ ಮಂಡಿಯೂರಿ ಎಳೆ ಎಳೆ ಜೋಡಿಸುವಾಗ ರೈತ ಆಕಾಶ ನೋಡ್ತಾ ನಿಂತಿರ್ತಾನೆ. ಆ ಮುಖ ಮಾತ್ರ ನಮ್ಮ ನವಲಗುಂದದ ರೈತನದೇ.

ಕೆಲಸ ಮುಗಿದ ಮೇಲೆ ಜಾಬ್ ಕಾರ್ಡ್ ಬರೆಯೋದು ಅರ್ಧ ಕೆಲಸ. "ಅರ್ಥಿಂಗ್ ಸರಿ ಮಾಡಿದೆ" ಅಂದರೆ ಸಾಲದು. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಎರಡೂ ಬರೀಬೇಕು. ಇಂಗ್ಲಿಷ್ ಭಾಷಣ ಬೇಡ, ಈ ನಾಲ್ಕು ಸಾಲು ತಪ್ಪಿಲ್ಲದೆ ಬರೆಯೋಕೆ ಬಂದರೆ ಸಾಕು. ಈಗಿನಿಂದಲೇ ಒಂದು ಡೈರಿ ಇಟ್ಟು ಅಭ್ಯಾಸ ಮಾಡಿ.

ಗೆರೆ ಎಲ್ಲಿ ಎಳೆದಿದ್ದಾರೆ ಅನ್ನೋದೂ ಗೊತ್ತಿರಲಿ. ಊರಲ್ಲಿ ನಾವು ಮನೆ ಮೋಟರ್‌ಗೂ ಕೈ ಹಾಕ್ತೀವಿ. ಇಲ್ಲಿ ಕ್ಯಾರವಾನ್ ಒಂದು ಬಂದರೆ ಅದರ 12 ವೋಲ್ಟ್ ಭಾಗ ನನ್ನದು, 230 ವೋಲ್ಟ್‌ನ ಪ್ಲಗ್ ಪಾಯಿಂಟ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದು. ಒಂದು ಸ್ಕ್ರೂ ಬಿಗಿ ಮಾಡೋಕೂ ನನಗೆ ಅಧಿಕಾರ ಇಲ್ಲ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗೆ ಪ್ರತ್ಯೇಕ ತರಬೇತಿ ಬೇಕು. ಗಾಡಿ ಏಸಿ ಗ್ಯಾಸ್ ಮುಟ್ಟೋಕೆ ಆರ್ಕ್‌ಟಿಕ್ ಅನ್ನೋ ಬೇರೆ ಲೈಸೆನ್ಸ್ ಬೇಕು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ರಸ್ತೆ ಗಾಡಿ ರಿಪೇರಿಗೆ ರಾಜ್ಯದ ರಿಪೇರರ್ ಸರ್ಟಿಫಿಕೇಟ್ ಬೇಕು. ಅದು ಬರೋವರೆಗೆ ಸರ್ಟಿಫಿಕೇಟ್ ಇರುವವರ ಉಸ್ತುವಾರಿಯಲ್ಲಿ ಕೆಲಸ ಮಾಡಬಹುದು.

ಗಣಿಯಲ್ಲಿ ದುಡ್ಡು ಜಾಸ್ತಿ, ನಿಜ. ಪರ್ತ್‌ನಿಂದ ವಿಮಾನದಲ್ಲಿ ಪಿಲ್ಬರಾದ ನ್ಯೂಮನ್ ಅಥವಾ ಕರಾತಾಕ್ಕೆ, ಎಂಟು ದಿನ ಕೆಲಸ ಆರು ದಿನ ರಜೆ, ಇಲ್ಲವೇ ಎರಡು ವಾರ ಕೆಲಸ ಒಂದು ವಾರ ರಜೆ, ದಿನಕ್ಕೆ ಹನ್ನೆರಡು ಗಂಟೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟೋದು ಸಾಮಾನ್ಯ. ಬೆಳಿಗ್ಗೆ ಗೇಟಲ್ಲಿ ಮದ್ಯದ ಪರೀಕ್ಷೆಗೆ ಉಸಿರು ಊದಬೇಕು, ಸೊನ್ನೆ ಬರಬೇಕು. ಮೆಷಿನ್ ಮುಟ್ಟುವ ಮೊದಲು ಕರೆಂಟ್ ಕಡಿಯುವ ಐಸೊಲೇಟರ್ ಸ್ವಿಚ್ ಆಫ್ ಮಾಡಿ ನಿಮ್ಮ ಸ್ವಂತ ಬೀಗ, ನಿಮ್ಮ ಹೆಸರಿನ ಡೇಂಜರ್ ಟ್ಯಾಗ್ ಹಾಕಬೇಕು. ಅದನ್ನು ನೀವಲ್ಲದೆ ಇನ್ನೊಬ್ಬರು ತೆಗೆಯುವಂತಿಲ್ಲ. "ಎರಡು ನಿಮಿಷದ ಕೆಲಸ" ಅಂತ ಬೀಗ ಹಾಕದೆ ಕೈ ಇಟ್ಟವರನ್ನು ಅದೇ ದಿನ ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ. ಮೊದಲೆರಡು ವರ್ಷ ಪರ್ತ್ ಊರೊಳಗಿನ ವರ್ಕ್‌ಶಾಪ್‌ನಲ್ಲೇ ಇರಿ ಅಂತ ನನ್ನ ಅಭಿಪ್ರಾಯ. ಹತ್ತು ಥರದ ಗಾಡಿ ಕೈಗೆ ಬರುತ್ತೆ, ಸ್ಮೋಕೋ, ಅಂದರೆ ಟೀ ವಿರಾಮದ ಹೊತ್ತಲ್ಲಿ ಕೂತು ಇಲ್ಲಿಯವರ ಉಚ್ಚಾರ ಕಿವಿಗೆ ಒಗ್ಗುತ್ತೆ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಗೊತ್ತಿಲ್ಲದ ಊರಲ್ಲಿ ಬಿಟ್ಟು ಗಣಿಗೆ ಹಾರೋದು ಕಷ್ಟ. ಹಾಗೆ ಹೋಗಿ ವರ್ಷದೊಳಗೆ ಬಿಟ್ಟುಬಂದವರು ನನಗೆ ಗೊತ್ತು.

ವೀಸಾ ಬಗ್ಗೆ ಸ್ವಲ್ಪ. ಕಂಪನಿ ಸ್ಪಾನ್ಸರ್ ಮಾಡುವ 482 ಸಬ್‌ಕ್ಲಾಸ್ ವೀಸಾಕ್ಕೆ 2024ರ ಡಿಸೆಂಬರ್‌ನಿಂದ ಸ್ಕಿಲ್ಸ್ ಇನ್ ಡಿಮಾಂಡ್ ಅಂತ ಹೆಸರು, ಅನುಭವ ಒಂದು ವರ್ಷ ಸಾಕು. ಕಂಪನಿ ಜೊತೆ ಆಗಿಬರದಿದ್ದರೆ ಬೇರೆ ಸ್ಪಾನ್ಸರ್ ಹುಡುಕೋಕೆ ಒಂದು ಸಲಕ್ಕೆ 180 ದಿನ ಸಮಯ ಇದೆ, ಹೆದರಿಸಿದವರಿಗೆ ಹೆದರಬೇಡಿ. ನಮ್ಮ ಕಸುಬಿನ ಅಸೆಸ್‌ಮೆಂಟ್ ಮಾಡೋದು ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ.

ನಮ್ಮ ಹುಡುಗರು ಬಹಳ ಜನ ಎಡವೋದು ಇಲ್ಲೇ. ಕೆಲಸ ಬರುತ್ತೆ, ಪುರಾವೆ ಇರಲ್ಲ. ಅಂಗಡಿಯಲ್ಲಿ ವಾರದ ಕೂಲಿ ಕೈಗೆ ಕೊಟ್ಟಿರ್ತಾರೆ, ಆರು ವರ್ಷ ದುಡಿದದ್ದಕ್ಕೆ ಒಂದು ಚೀಟಿ ಇರಲ್ಲ. ಈ ತಿಂಗಳಿಂದಲೇ ಸಂಬಳ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ. ಮಾಲೀಕರಿಂದ ಲೆಟರ್‌ಹೆಡ್ ಮೇಲೆ ಪತ್ರ ಬರೆಸಿ: ಯಾವ ದಿನದಿಂದ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ. "ಒಳ್ಳೆಯ ಹುಡುಗ" ಅನ್ನೋ ಪತ್ರದಿಂದ ಪ್ರಯೋಜನ ಇಲ್ಲ. ಆಲ್ಟರ್ನೇಟರ್ ಬಿಚ್ಚಿ ಟೆಸ್ಟ್ ಮಾಡೋದು, ಹಾರ್ನೆಸ್ ಕಟ್ಟೋದು, ಸ್ಟಾರ್ಟರ್ ಓವರ್‌ಹಾಲ್, ಹೀಗೆ ಬಿಡಿಸಿ ಬರೆದಿರಬೇಕು. ನೀವು ಕೆಲಸ ಮಾಡ್ತಿರುವ ಫೋಟೋ, ಚಿಕ್ಕ ವಿಡಿಯೋ ಈಗಿನಿಂದ ತೆಗೆದಿಡಿ, ಮುಖವೂ ಕೈಯೂ ಒಟ್ಟಿಗೆ ಕಾಣೋ ಹಾಗೆ. ಪತ್ರದ ಕರಡು ತಯಾರಾದ ಮೇಲೆ ಕಳಿಸಿ, ಓದಿ ಹೇಳ್ತೀನಿ.